ಕುಸ್ಕೊಗೆ ಹೋಗ್ತಿದ್ದೀರಾ? ಮೊದಲು ಪ್ಲಾನ್ ತಿರುಗಿಸಿ: 3,400 ಮೀಟರ್ ಎತ್ತರದ ಊರಿಗೆ ಸಮಗ್ರ ಮಾರ್ಗದರ್ಶಿ

ಪೆರು ದೇಶದ ಕುಸ್ಕೊಗೆ ಹೋಗುವವರ ಪ್ಲಾನ್ ಹೆಚ್ಚುಕಮ್ಮಿ ಹೀಗಿರುತ್ತದೆ. ಲಿಮಾದಲ್ಲಿ ಇಳಿದು ಒಂದು ರಾತ್ರಿ. ಮರುದಿನ ಬೆಳಿಗ್ಗೆ ಕುಸ್ಕೊಗೆ ವಿಮಾನ. ಮಧ್ಯಾಹ್ನ ಊರು ಸುತ್ತಾಟ. ಅದರ ಮಾರನೇ ದಿನ ನಸುಕಿನಲ್ಲೇ ಎದ್ದು ಬಣ್ಣದ ಪಟ್ಟೆಗಳ ಬೆಟ್ಟವಾದ ರೇನ್‌ಬೋ ಮೌಂಟನ್. ಕೊನೆಗೆ ಮಾಚು ಪಿಚು. ಆಮೇಲೆ ನಡೆಯುವುದೂ ಹೆಚ್ಚುಕಮ್ಮಿ ಒಂದೇ. ಮೊದಲ ರಾತ್ರಿ ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ, ನಿದ್ದೆ ಹತ್ತುವುದಿಲ್ಲ. ನಸುಕಿಗೆ ಟೂರ್ ವ್ಯಾನ್ ಹೋಟೆಲ್ ಬಾಗಿಲಿಗೆ ಬಂದಾಗ ಹಾಸಿಗೆಯಿಂದ ಏಳಲು ಆಗುವುದಿಲ್ಲ. ಕಟ್ಟಿದ ದುಡ್ಡೂ ಹೋಯಿತು, ದಿನವೂ ಹೋಯಿತು.

ಎತ್ತರದಿಂದ ಬರುವ ಈ ಕಾಯಿಲೆಯನ್ನು ಅಲ್ಲಿನವರು ಸೊರೋಚೆ ಅನ್ನುತ್ತಾರೆ. ನಿಮ್ಮ ವಯಸ್ಸು, ಜಿಮ್ಮು, ಮ್ಯಾರಥಾನ್ ಯಾವುದನ್ನೂ ಅದು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಆದರೆ ಅದೇ ಜಾಗಗಳನ್ನು, ಅದೇ ರಜೆಯಲ್ಲಿ, ಬೇರೆ ಕ್ರಮದಲ್ಲಿ ನೋಡಿದರೆ ಬಹಳಷ್ಟು ತೊಂದರೆ ತಪ್ಪುತ್ತದೆ. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಮಧ್ಯದ ಒಂದನ್ನು ಹಾರಿಸಿದರೆ ಮುಂದಿನದು ಕೆಲಸ ಮಾಡುವುದಿಲ್ಲ.

## ಹಂತ 1: ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ, ಬರೆಯಿರಿ

ಟಿಕೆಟ್ ಬುಕ್ ಮಾಡುವ ಮುಂಚೆ ಒಂದು ಹಾಳೆ ತಗೊಳ್ಳಿ. ಪ್ರತಿ ರಾತ್ರಿಯ ಎದುರಿಗೆ ಊರಿನ ಹೆಸರು, ಅದರ ಎದುರಿಗೆ ಎತ್ತರ. ಸುಮಾರು ಎತ್ತರಗಳು ಇವು:

- ಲಿಮಾ: ಸಮುದ್ರದ ದಂಡೆ
- ಆಗ್ವಾಸ್ ಕಾಲಿಯೆಂತೆಸ್, ಅಂದರೆ ಮಾಚು ಪಿಚು ಬುಡದ ಊರು: 2,040 ಮೀಟರ್
- ಮಾಚು ಪಿಚು: 2,430
- ಒಯಾಂತಾಯ್ತಾಂಬೊ: 2,790
- ಉರುಬಾಂಬ: 2,870
- ಪಿಸಾಕ್: 2,970
- ಕುಸ್ಕೊ: 3,400
- ಚಿಂಚೇರೊ: 3,760
- ಪುನೊ, ಟಿಟಿಕಾಕ ಸರೋವರದ ಪಕ್ಕ: 3,830
- ರೇನ್‌ಬೋ ಮೌಂಟನ್: 5,000ಕ್ಕೂ ಮೇಲೆ

ಈ ಪಟ್ಟಿಯನ್ನು ಇನ್ನೊಂದು ಸಲ ನೋಡಿ. ಮಾಚು ಪಿಚು ಕುಸ್ಕೊಗಿಂತ ಸುಮಾರು ಒಂದು ಕಿಲೋಮೀಟರ್ ಕೆಳಗಿದೆ. ಎಲ್ಲರೂ ಹೆದರುವುದು ಮಾಚು ಪಿಚುಗೆ, ಕಾಡುವುದು ಕುಸ್ಕೊ.

ಕುಸ್ಕೊ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು ಮೂರರಲ್ಲಿ ಎರಡು ಪಾಲು. ಅಂದರೆ ಪ್ರತಿ ಉಸಿರಿನಲ್ಲೂ ಆಮ್ಲಜನಕ ಸುಮಾರು ಮೂರನೇ ಒಂದು ಪಾಲು ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ಹಗಲು ಎಷ್ಟು ಮೇಲೆ ಹೋಗಿ ಬಂದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ. ವೈದ್ಯರು ಹೇಳುವ ಮಾತು ಎರಡು. ಸಮುದ್ರ ಮಟ್ಟದಿಂದ ಬಂದ ದಿನವೇ 2,750 ಮೀಟರ್‌ಗಿಂತ ಮೇಲೆ ಮಲಗುವುದನ್ನು ಆದಷ್ಟು ತಪ್ಪಿಸಿ. 3,000 ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬೇಡಿ.

ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಆದರೆ ಅದರಿಂದ ಇಲ್ಲಿ ಲಾಭ ಇಲ್ಲ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಅಲ್ಲಿ ಟ್ರೆಕ್ ಮಾಡಿದರೆ ಕಾಲು ಗಟ್ಟಿಯಾಗುತ್ತದೆ, ಎತ್ತರ ಅಭ್ಯಾಸವಾಗುವುದಿಲ್ಲ. ಲೇಹ್‌ಗೆ ವಿಮಾನದಲ್ಲಿ ಹೋಗಿದ್ದರೆ ಅದು ಒಳ್ಳೆ ಸುಳಿವು, ಯಾಕೆಂದರೆ ಲೇಹ್ ಸುಮಾರು 3,500 ಮೀಟರ್, ಕುಸ್ಕೊಗೆ ಸರಿಸಮ. ಅಲ್ಲಿ ನಿಮಗೆ ಏನಾಗಿತ್ತೋ ಇಲ್ಲೂ ಅದೇ ಆಗುವ ಸಾಧ್ಯತೆ ಹೆಚ್ಚು. ಹಾಗಂತ ಹಳೆಯ ಲೇಹ್ ಪ್ರವಾಸದ ಹೊಂದಾಣಿಕೆ ದೇಹದಲ್ಲಿ ಉಳಿದಿರುವುದಿಲ್ಲ. ಕೆಳಗೆ ಬಂದು ಕೆಲವು ವಾರಗಳಲ್ಲಿ ಅದು ಹೋಗಿಬಿಡುತ್ತದೆ.

## ಹಂತ 2: ಊರು ಬಿಡುವ ಒಂದು ತಿಂಗಳ ಮುಂಚಿನ ಕೆಲಸ

ಡಾಕ್ಟರ್. ಹೃದಯ ಅಥವಾ ಶ್ವಾಸಕೋಶದ ತೊಂದರೆ, ಬಿಪಿ, ಶುಗರ್, ಗರ್ಭಿಣಿ, ಸಿಕಲ್ ಸೆಲ್ ಇರುವವರು ಕೇಳದೆ ಹೊರಡಬೇಡಿ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗಂತೂ ಇದು ಕಡ್ಡಾಯ. "ನನಗೇನೂ ಆಗಲ್ಲ ಬಿಡು" ಅನ್ನುವ ಅಪ್ಪಂದಿರ ಮಾತು ಇಲ್ಲಿ ಲೆಕ್ಕಕ್ಕಿಲ್ಲ.

ಅಸೆಟಾಜೋಲಮೈಡ್, ಅಂದರೆ ಡಯಾಮಾಕ್ಸ್ ಬೇಕೇ ಅಂತ ಅವರನ್ನೇ ಕೇಳಿ. ದೊಡ್ಡವರಿಗೆ ಸೊರೋಚೆ ತಡೆಗಟ್ಟಲು ಕೊಡುವುದು ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ 2 ಸಲ. ಏರುವ ಹಿಂದಿನ ದಿನ ಶುರು ಮಾಡಬೇಕು. ನಮ್ಮಲ್ಲಿ ಸಿಗುವುದು ಹೆಚ್ಚಾಗಿ 250ರ ಮಾತ್ರೆ, ಅರ್ಧ ಮಾಡಿಕೊಳ್ಳಬೇಕಾಗುತ್ತದೆ. ಸಲ್ಫಾ ಔಷಧಿ ಅಲರ್ಜಿ ಇದ್ದರೆ ಮೊದಲೇ ಹೇಳಿ. ಡಾಕ್ಟರ್ ಒಪ್ಪಿದರೆ ಊರಲ್ಲಿರುವಾಗಲೇ ಒಂದು ದಿನ ತಗೊಂಡು ನೋಡಿ. ಬೆರಳು ಜುಮ್ಮೆನ್ನುತ್ತದೆ, ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುತ್ತದೆ, ಸೋಡಾ ಕುಡಿದರೆ ಸಪ್ಪೆ ಅನ್ನಿಸುತ್ತದೆ. ಇವು ಮಾತ್ರೆಯ ಗುಣ. ಗೊತ್ತಿಲ್ಲದೆ ಕುಸ್ಕೊದಲ್ಲಿ ಮೊದಲ ಸಲ ತಗೊಂಡವರು ಇದನ್ನೇ ಕಾಯಿಲೆ ಅಂದುಕೊಂಡು ಗಾಬರಿಯಾಗುತ್ತಾರೆ.

ಹಳದಿ ಜ್ವರದ ಲಸಿಕೆ. ಇದನ್ನು ಮರೆಯುವವರೇ ಜಾಸ್ತಿ. ಕುಸ್ಕೊ, ಮಾಚು ಪಿಚು ಕಡೆ ಹಳದಿ ಜ್ವರದ ಭಯ ಇಲ್ಲ. ಆದರೆ ಭಾರತದ ಪಟ್ಟಿಯಲ್ಲಿ ಪೆರು ಇಡೀ ದೇಶವಾಗಿ ಸೇರಿದೆ. ಅಲ್ಲಿಂದ ಹೊರಟು 6 ದಿನದೊಳಗೆ ಭಾರತಕ್ಕೆ ಬಂದರೆ ಸರ್ಟಿಫಿಕೇಟ್ ತೋರಿಸಬೇಕು. ಇಲ್ಲದಿದ್ದರೆ ಏರ್‌ಪೋರ್ಟ್‌ನಿಂದ ನೇರ ಕ್ವಾರಂಟೈನ್‌ಗೆ ಕಳಿಸಬಹುದು. ಲಸಿಕೆ ಹಾಕಿಸಿದ 10 ದಿನದ ನಂತರವೇ ಸರ್ಟಿಫಿಕೇಟಿಗೆ ಬೆಲೆ, ಹಾಗಾಗಿ ಕೊನೆ ವಾರಕ್ಕೆ ಇಡಬೇಡಿ. ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಮಾತ್ರ ಹಾಕಿಸಿ. ಮೊಟ್ಟೆ ಅಲರ್ಜಿ ಇರುವವರು ಮತ್ತು 60 ದಾಟಿದವರು ಮುಂಚೆಯೇ ಅಲ್ಲಿನ ಡಾಕ್ಟರಿಗೆ ಹೇಳಬೇಕು.

ವೀಸಾ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಷೆಂಗೆನ್ ವೀಸಾ ಕನಿಷ್ಠ 6 ತಿಂಗಳು ಬಾಕಿ ಇದ್ದರೆ ಭಾರತೀಯ ಪಾಸ್‌ಪೋರ್ಟಿಗೆ ಪೆರು ವೀಸಾ ಬೇಕಾಗಿಲ್ಲ. ಇಲ್ಲದವರು ರಾಯಭಾರ ಕಚೇರಿಗೆ ಅರ್ಜಿ ಹಾಕಬೇಕು. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್‌ಗೆ ದುಡ್ಡು ಕಟ್ಟುವ ದಿನ ಇನ್ನೊಮ್ಮೆ ನೋಡಿ. ಅಮೆರಿಕದ ಮೂಲಕ ಹೋಗುವ ಟಿಕೆಟ್ ಅಗ್ಗವಾಗಿ ಕಂಡರೆ ನೆನಪಿಡಿ, ಅಲ್ಲಿ ಬರೀ ವಿಮಾನ ಬದಲಿಸಲೂ ಅಮೆರಿಕದ ವೀಸಾ ಬೇಕು.

ಇನ್ಶೂರೆನ್ಸ್. ಪಾಲಿಸಿಯಲ್ಲಿ "ಎಷ್ಟು ಮೀಟರ್ ಎತ್ತರದವರೆಗೆ" ಅಂತ ಒಂದು ಸಾಲು ಎಲ್ಲೋ ಮೂಲೆಯಲ್ಲಿರುತ್ತದೆ. ಹುಡುಕಿ ಓದಿ. ರೇನ್‌ಬೋ ಮೌಂಟನ್ ಹತ್ತುವವರಿಗೆ 4,000 ಮೀಟರಿಗೇ ನಿಲ್ಲುವ ಪಾಲಿಸಿ ಸುಮ್ನೆ ದಂಡ.

ಮಾಚು ಪಿಚು ಟಿಕೆಟ್. ದಿನ, ಗಂಟೆ, ಯಾವ ದಾರಿ ಎಲ್ಲವೂ ಟಿಕೆಟ್‌ನಲ್ಲೇ ನಿಗದಿ. ಜೂನ್‌ನಿಂದ ಆಗಸ್ಟ್‌ವರೆಗೆ ಬೇಗ ಖಾಲಿಯಾಗುತ್ತದೆ. ಆದರೆ ಇಡೀ ಪ್ಲಾನನ್ನು ಟಿಕೆಟ್ ಸಿಕ್ಕ ದಿನಕ್ಕೆ ತಕ್ಕಂತೆ ಎಳೆದಾಡಬೇಡಿ. ಹಂತ 4ರ ಕ್ರಮ ಮೊದಲು ಬರೆಯಿರಿ, ಆಮೇಲೆ ಟಿಕೆಟ್ ಹುಡುಕಿ.

## ಹಂತ 3: ಬ್ಯಾಗಿಗೆ ಏನು ಹಾಕಬೇಕು

ಪಲ್ಸ್ ಆಕ್ಸಿಮೀಟರ್, ಪ್ಯಾರಾಸಿಟಮಾಲ್, ವಾಂತಿಗೆ ಡಾಕ್ಟರ್ ಬರೆದ ಮಾತ್ರೆ, ಓಆರ್‌ಎಸ್ ಪುಡಿ. ಸನ್‌ಸ್ಕ್ರೀನ್, ತುಟಿಗೆ ಹಚ್ಚುವ ಬಾಮ್, ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ. ಬಿಸಿಲು ತಣ್ಣಗೆ ಅನ್ನಿಸುತ್ತದೆ, ಆದರೆ ಎತ್ತರದಲ್ಲಿ ಚರ್ಮ ಬೇಗ ಸುಡುತ್ತದೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಒಣ ಹವೆ. ಜೂನ್, ಜುಲೈ ರಾತ್ರಿಗಳಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಸಣ್ಣ ಹೋಟೆಲ್‌ಗಳಲ್ಲಿ ಹೀಟರ್ ಇರುವುದಿಲ್ಲ. ಒಂದೇ ದಪ್ಪ ಜಾಕೆಟ್‌ಗಿಂತ ಮೂರು ತೆಳು ಬಟ್ಟೆ ಒಳ್ಳೆಯದು, ಯಾಕೆಂದರೆ ಮಧ್ಯಾಹ್ನ ಟೀ ಶರ್ಟ್ ಸಾಕಾಗುತ್ತದೆ.

ಮಕ್ಕಳಿಗೆ ಅಂತ ಕೋಡುಬಳೆ, ಚಿಪ್ಸ್ ತಗೊಂಡು ಹೋಗುತ್ತೀರಿ ಅಲ್ವಾ? ಗಾಳಿ ತುಂಬಿದ ಪ್ಯಾಕೆಟ್ ಕುಸ್ಕೊ ಮುಟ್ಟುವಾಗ ದಿಂಬಿನ ಹಾಗೆ ಉಬ್ಬಿರುತ್ತದೆ. ಸೂಟ್‌ಕೇಸಿನಲ್ಲಿ ಒತ್ತಿ ತುಂಬಿದ್ದರೆ ಒಡೆದು ಬಟ್ಟೆಯೆಲ್ಲಾ ಪುಡಿ. ಪಿನ್ನಿನಿಂದ ಒಂದು ತೂತು ಮಾಡಿ ಟೇಪ್ ಅಂಟಿಸಿ, ಅಥವಾ ಡಬ್ಬಿಗೆ ಸುರಿಯಿರಿ. ಸನ್‌ಸ್ಕ್ರೀನ್ ಟ್ಯೂಬ್ ಮುಚ್ಚಳ ತೆಗೆಯುವಾಗ ಬಾಯಿ ಮೇಲಕ್ಕಿರಲಿ. ಒತ್ತದೆಯೇ ಎರಡು ಬೆರಳಷ್ಟು ಉದ್ದ ಚಿಮ್ಮಿ ಬರುತ್ತದೆ.

ಡಾಲರ್ ಒಯ್ಯುವವರು ಹೊಸ ನೋಟು ಮಾತ್ರ ಒಯ್ಯಿರಿ. ಅಂಚು ಸ್ವಲ್ಪ ಹರಿದಿದ್ದರೂ ಅಲ್ಲಿ ತಗೊಳ್ಳುವುದಿಲ್ಲ.

## ಹಂತ 4: ಪ್ಲಾನ್ ತಿರುಗಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದುತ್ತೀನಿ ಅನ್ನುವವರು ಇದನ್ನು ಓದಿ.

1. ಲಿಮಾ, 1 ಅಥವಾ 2 ರಾತ್ರಿ. ಇದು ಎತ್ತರಕ್ಕಲ್ಲ, ನಿದ್ದೆಗೆ. ಪೆರು ನಮಗಿಂತ ಹತ್ತೂವರೆ ಗಂಟೆ ಹಿಂದೆ ಇದೆ. ಜೆಟ್‌ಲ್ಯಾಗ್ ತಲೆನೋವು ಮತ್ತು ಸೊರೋಚೆ ತಲೆನೋವು ಒಟ್ಟಿಗೆ ಬಂದರೆ ಯಾವುದು ಯಾವುದೆಂದು ತಿಳಿಯುವುದಿಲ್ಲ.

2. ಬೆಳಗಿನ ವಿಮಾನದಲ್ಲಿ ಕುಸ್ಕೊ, ಅಲ್ಲಿ ನಿಲ್ಲದೆ ಕಣಿವೆಗೆ. ಸೇಕ್ರೆಡ್ ವ್ಯಾಲಿ ಅನ್ನುವ ಉರುಬಾಂಬ ನದಿಯ ಕಣಿವೆ ಕುಸ್ಕೊಗಿಂತ ಸುಮಾರು 500 ಮೀಟರ್ ಕೆಳಗಿದೆ. ಉರುಬಾಂಬ ಅಥವಾ ಒಯಾಂತಾಯ್ತಾಂಬೊದಲ್ಲಿ 2 ರಾತ್ರಿ ಮಲಗಿ. ಮೂರಾದರೆ ಇನ್ನೂ ಒಳ್ಳೆಯದು.

3. ಒಯಾಂತಾಯ್ತಾಂಬೊದಿಂದ ರೈಲಿನಲ್ಲಿ ಆಗ್ವಾಸ್ ಕಾಲಿಯೆಂತೆಸ್, 1 ರಾತ್ರಿ. ಮರುದಿನ ಮಾಚು ಪಿಚು. ಒಯಾಂತಾಯ್ತಾಂಬೊದಲ್ಲೇ ಇದ್ದರೆ ರೈಲು ಸುಮಾರು ಒಂದೂವರೆ ಗಂಟೆಯಿಂದ ಎರಡು ಗಂಟೆ. ರೈಲಿಗೆ ಸಣ್ಣ ಬ್ಯಾಗ್ ಮಾತ್ರ. ದೊಡ್ಡ ಸೂಟ್‌ಕೇಸನ್ನು ಕಣಿವೆಯ ಹೋಟೆಲಿನಲ್ಲೇ ಬಿಡಿ. ಪಾಸ್‌ಪೋರ್ಟ್ ಮೂಲಪ್ರತಿ ಜೊತೆಯಲ್ಲಿರಲಿ. ಗೇಟಿನ ಒಳಗೆ ಶೌಚಾಲಯ ಇಲ್ಲ. ಡಯಾಮಾಕ್ಸ್ ತಗೊಳ್ಳುವವರು ಹೊರಗೇ ಹೋಗಿ ಬಂದುಬಿಡಿ.

4. ಈಗ ಕುಸ್ಕೊ, 3 ರಾತ್ರಿ. ಅಷ್ಟರಲ್ಲಿ ದೇಹಕ್ಕೆ ಮೂರು ನಾಲ್ಕು ದಿನ ಸಿಕ್ಕಿರುತ್ತದೆ.

5. 5,000 ಮೀಟರ್ ಚಪಲ ಇದ್ದರೆ ಕೊನೆಯ ದಿನಗಳಲ್ಲಿ. ಪುನೊ, ಪಕ್ಕದ ಬೊಲಿವಿಯದ ಲಾ ಪಾಸ್ ಕೂಡ ಕುಸ್ಕೊ ಆದ ಮೇಲೆಯೇ.

ಅಮೆರಿಕದಲ್ಲಿರುವ ಕನ್ನಡಿಗರು ಥ್ಯಾಂಕ್ಸ್‌ಗಿವಿಂಗ್ ರಜೆಗೆ ಐದು ದಿನಕ್ಕೆ ಹೋಗಿಬರುವ ಪ್ಲಾನ್ ಹಾಕುತ್ತಾರೆ. ಐದು ದಿನಕ್ಕೂ ಈ ಕ್ರಮವೇ. ರಾತ್ರಿಗಳನ್ನು ಕಡಿಮೆ ಮಾಡಿ, ಕ್ರಮ ಬದಲಿಸಬೇಡಿ. ಕೈಬಿಡಬೇಕಾದದ್ದು ರೇನ್‌ಬೋ ಮೌಂಟನ್, ಕಣಿವೆಯ ರಾತ್ರಿಗಳಲ್ಲ. ನವೆಂಬರ್‌ನಲ್ಲಿ ಮಳೆಯೂ ಶುರುವಾಗಿರುತ್ತದೆ, ರೇನ್‌ಕೋಟ್ ಇರಲಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಕಣಿವೆಗೆ ಹೋಗುವ ದಿನವೇ ದಾರಿಯಲ್ಲಿ ಚಿಂಚೇರೊ, ಮೊರಾಯ್, ಮಾರಾಸ್ ಉಪ್ಪಿನ ಮಡಿ ಎಲ್ಲಾ "ಮುಗಿಸಿಬಿಡೋಣ" ಅನ್ನುವುದು. ಚಿಂಚೇರೊ ಕುಸ್ಕೊಗಿಂತಲೂ ಮೇಲಿದೆ. ಇಳಿದ ದಿನವೇ ಅಲ್ಲಿ ಎರಡು ಗಂಟೆ ಮೆಟ್ಟಿಲು ಹತ್ತಿ ಇಳಿದರೆ ಕಣಿವೆಯಲ್ಲಿ ಮಲಗಿದ ಲಾಭವೆಲ್ಲಾ ಹೋಯಿತು. ಅವನ್ನು ಎರಡನೇ ಅಥವಾ ಮೂರನೇ ದಿನಕ್ಕೆ ಇಡಿ.

## ಹಂತ 5: ಇಳಿದ ದಿನ

ವಿಮಾನ ಇಳಿಯುವಾಗ ಒಂದು ವಿಚಿತ್ರ ಗಮನಿಸಿ. ವಿಮಾನದೊಳಗಿನ ಒತ್ತಡವನ್ನು ಸುಮಾರು 2,400 ಮೀಟರ್ ಎತ್ತರಕ್ಕಿಂತ ತೆಳುವಾಗದ ಹಾಗೆ ಇಟ್ಟಿರುತ್ತಾರೆ. ಕುಸ್ಕೊ ಅದಕ್ಕಿಂತ ಒಂದು ಸಾವಿರ ಮೀಟರ್ ಮೇಲೆ. ಅಂದರೆ ಇಲ್ಲಿ ವಿಮಾನ ಕೆಳಗಿಳಿಯುತ್ತಾ ಹೋದಂತೆ ಒಳಗಿನ ಗಾಳಿ ಇನ್ನೂ ತೆಳುವಾಗುತ್ತದೆ.

ಮೊದಲ ಒಂದು ಗಂಟೆ ಏನೂ ಅನ್ನಿಸುವುದಿಲ್ಲ. "ಅಯ್ಯೋ, ಇಷ್ಟೇನಾ" ಅನ್ನಿಸುತ್ತದೆ. ಮೋಸ ಹೋಗುವುದು ಇಲ್ಲೇ. ಸೊರೋಚೆ ಸಾಮಾನ್ಯವಾಗಿ ಕೆಲವು ಗಂಟೆಗಳ ನಂತರ ಶುರುವಾಗುತ್ತದೆ, ಮೊದಲ ರಾತ್ರಿ ಜೋರಾಗುತ್ತದೆ. ಹಾಗಾಗಿ ಚೆನ್ನಾಗಿದ್ದಾಗಲೇ ನಿಧಾನ ಮಾಡಿ. ಸೂಟ್‌ಕೇಸ್ ನೀವೇ ಎತ್ತಬೇಡಿ. ಎರಡು ಮೆಟ್ಟಿಲಿಗೊಮ್ಮೆ ನಿಂತರೆ ನಾಚಿಕೆ ಇಲ್ಲ. ನಡೆಯುತ್ತಾ ಮಾತಾಡಿ, ಒಂದು ಪೂರ್ತಿ ವಾಕ್ಯ ಹೇಳಲು ಉಸಿರು ಸಾಲದಿದ್ದರೆ ವೇಗ ಜಾಸ್ತಿ ಆಗಿದೆ ಅಂತ ಅರ್ಥ.

ಕಣಿವೆಗೆ ಮುಂಚೆಯೇ ಕಾರು ಬುಕ್ ಮಾಡಿಕೊಳ್ಳಿ. ಸುಮಾರು ಒಂದೂವರೆ ಎರಡು ಗಂಟೆ ದಾರಿ. ದುಡ್ಡು ಉಳಿಸುವವರಿಗೆ ಪಾವಿತೋಸ್ ಬೀದಿಯಿಂದ ಉರುಬಾಂಬ, ಒಯಾಂತಾಯ್ತಾಂಬೊ ಕಡೆಗೆ ಶೇರ್ ವ್ಯಾನ್ ಸಿಗುತ್ತದೆ. ಪಿಸಾಕ್‌ಗೆ ಪುಪುತಿ ಬೀದಿ. ಆದರೆ ಮೊದಲ ದಿನ ಲಗೇಜ್ ಹೊತ್ತು ವ್ಯಾನ್ ಹುಡುಕುವ ಸಾಹಸ ಬೇಡ, ಅದನ್ನು ವಾಪಸ್ ಬರುವಾಗ ಮಾಡಿ.

ಏರ್‌ಪೋರ್ಟ್‌ನಲ್ಲೇ ಪುಟ್ಟ ಆಕ್ಸಿಜನ್ ಕ್ಯಾನ್ ಮಾರುತ್ತಾರೆ. ಕೆಲವು ನಿಮಿಷ ಹಾಯೆನಿಸುತ್ತದೆ, ಆಮೇಲೆ ಮೊದಲಿನಂತೆಯೇ. ಅದನ್ನು ನಂಬಿ ಯಾವ ನಿರ್ಧಾರವನ್ನೂ ಮಾಡಬೇಡಿ.

ಕೋಕಾ ಚಹಾ ಎಲ್ಲಾ ಹೋಟೆಲ್‌ನಲ್ಲೂ ಇರುತ್ತದೆ. ಪೆರುವಿನಲ್ಲಿ ಕಾನೂನುಬದ್ಧ. ಬೆಚ್ಚಗಿರುತ್ತದೆ, ಹೊಟ್ಟೆಗೆ ಹಿತ. ಆದರೆ ಸೊರೋಚೆ ತಡೆಯುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಕೆಲಸದ ಕಡೆ ಡ್ರಗ್ ಟೆಸ್ಟ್ ಇರುವವರು ಮುಟ್ಟಬೇಡಿ. ಒಂದು ಕಪ್ ಕುಡಿದರೂ ಟೆಸ್ಟಿನಲ್ಲಿ ಕೊಕೇನ್ ಅಂತಲೇ ಬರಬಹುದು. ಅಂಥವರು ಮುನ್ಯಾ ಚಹಾ ಕೇಳಿ. ಪುದೀನದ ಘಮ ಇರುವ ಅಲ್ಲಿನ ಗಿಡ, ನನಗೆ ರುಚಿಯಲ್ಲೂ ಅದೇ ವಾಸಿ.

## ಹಂತ 6: ಮೊದಲ ರಾತ್ರಿ

ಬಿಯರ್, ಪಿಸ್ಕೊ ಸೋರ್ ಅನ್ನುವ ಅಲ್ಲಿನ ಮದ್ಯದ ಪಾನೀಯ ಮೊದಲ ಎರಡು ದಿನ ಬೇಡ. ನಿದ್ದೆ ಮಾತ್ರೆಯೂ ಬೇಡ. ಎರಡೂ ಉಸಿರಾಟವನ್ನು ಇನ್ನೂ ನಿಧಾನ ಮಾಡುತ್ತವೆ.

ಮಧ್ಯರಾತ್ರಿ ಉಸಿರು ಕಟ್ಟಿದ ಹಾಗಾಗಿ ದಡಕ್ಕನೆ ಎದ್ದು ಕೂರಬಹುದು. ಪಕ್ಕದಲ್ಲಿ ಮಲಗಿದವರ ಉಸಿರು ಜೋರಾಗಿ, ನಿಧಾನವಾಗಿ, ಕೆಲವು ಸೆಕೆಂಡ್ ನಿಂತು, ಮತ್ತೆ ಜೋರಾಗಿ ಹೋಗುವುದು ಕೇಳಿಸಬಹುದು. ಎತ್ತರದಲ್ಲಿ ಇದು ಸಾಮಾನ್ಯ. ಎದ್ದು ಕೂತು ನಾಲ್ಕು ಉಸಿರು ತಗೊಂಡ ಮೇಲೆ ಸರಿಹೋದರೆ ಹೆದರಬೇಡಿ. ಕೂತರೂ ಸರಿಹೋಗದಿದ್ದರೆ ಹಂತ 8 ನೋಡಿ.

ನೀರು ಕುಡಿಯಿರಿ, ಆದರೆ ಲೆಕ್ಕ ಮೀರಿ ಬೇಡ. ಮೂತ್ರ ತಿಳಿ ಹಳದಿ ಇದ್ದರೆ ಸಾಕು. ಬಾಟಲಿ ಮೇಲೆ ಬಾಟಲಿ ಸುರಿದುಕೊಂಡರೆ ಸೊರೋಚೆ ಹೋಗುವುದಿಲ್ಲ, ದೇಹದ ಉಪ್ಪು ಕಮ್ಮಿಯಾಗಿ ಬೇರೆ ತಲೆನೋವು ಬರುತ್ತದೆ. ನಲ್ಲಿ ನೀರು ಬೇಡ.

## ಹಂತ 7: ಊಟ

ರಾತ್ರಿ ಸ್ವಲ್ಪ ತಿನ್ನಿ, ಬೇಗ ತಿನ್ನಿ. ಎತ್ತರದಲ್ಲಿ ಜೀರ್ಣ ನಿಧಾನ.

ಸಸ್ಯಾಹಾರಿಗಳು ಬರೀ "ವೆಹೆತಾರಿಯಾನೊ" ಅಂದರೆ ಸಾಲದು. ಕೋಳಿಯನ್ನು ಮಾಂಸದ ಲೆಕ್ಕಕ್ಕೇ ಸೇರಿಸದವರು ಇರುತ್ತಾರೆ. "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ" ಅನ್ನಿ. ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ ಅಂತ. ಕಿನೋವಾ ಸೂಪ್ ತರಕಾರಿಯದ್ದೇ ಅನ್ನಿಸಿದರೂ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರಬಹುದು, "ಸಿನ್ ಕಾಲ್ದೊ ದೆ ಪೊಯೊ" ಅಂತಲೂ ಸೇರಿಸಿ. ಬೇಯಿಸಿದ ಮೆಕ್ಕೆಜೋಳದ ತೆನೆ ಜೊತೆ ಒಂದು ತುಂಡು ಚೀಸ್ ಬೀದಿಯಲ್ಲೇ ಸಿಗುತ್ತದೆ. ಚೀಫಾ ಅನ್ನುವ ಚೀನೀ ಹೋಟೆಲ್‌ಗಳಲ್ಲಿ ತರಕಾರಿ ಫ್ರೈಡ್ ರೈಸ್ ಮಾಡಿಕೊಡುತ್ತಾರೆ.

ಊರಿಂದ ರೆಡಿ ಉಪ್ಪಿಟ್ಟು, ಅವಲಕ್ಕಿ ಕಪ್ ತಂದವರಿಗೆ ಒಂದು ಮಾತು. ಕುಸ್ಕೊದಲ್ಲಿ ನೀರು 88–89 ಡಿಗ್ರಿಗೇ ಕುದಿಯುತ್ತದೆ. ಕೆಟಲ್ ಕುದಿಯುತ್ತಿದ್ದರೂ ನೀರು ಊರಿನಷ್ಟು ಬಿಸಿಯಾಗಿರುವುದಿಲ್ಲ. ಪ್ಯಾಕೆಟ್ ಮೇಲೆ 5 ನಿಮಿಷ ಅಂತ ಬರೆದಿದ್ದರೆ ಮುಚ್ಚಿಟ್ಟು 10 ನಿಮಿಷ ಬಿಡಿ. ಕಪ್ಪಿನ ಮೇಲೊಂದು ಟವೆಲ್ ಸುತ್ತಿ. ಇಲ್ಲದಿದ್ದರೆ ರವೆ ಹಲ್ಲಿಗೆ ಸಿಗುತ್ತದೆ.

## ಹಂತ 8: ಅಪಾಯದ ಲಕ್ಷಣಗಳು

ಜೊತೆಯಲ್ಲಿ ಬರುವವರೆಲ್ಲರಿಗೂ ಈ ಭಾಗವನ್ನು ಹೊರಡುವ ಮುಂಚೆಯೇ ಓದಿಸಿ. ಆಗಿಬಿಟ್ಟ ಮೇಲೆ ಕಾಯಿಲೆ ಬಿದ್ದವರಿಗೆ ತಾವೇ ಯೋಚಿಸುವ ಶಕ್ತಿ ಇರುವುದಿಲ್ಲ.

ಸಾಮಾನ್ಯ ಸೊರೋಚೆ. ತಲೆನೋವು, ಜೊತೆಗೆ ವಾಕರಿಕೆ, ಸುಸ್ತು, ತಲೆಸುತ್ತು. ಕುಡಿಯದೆಯೇ ಹ್ಯಾಂಗೋವರ್. ವಿಶ್ರಾಂತಿ, ಪ್ಯಾರಾಸಿಟಮಾಲ್, ಸ್ವಲ್ಪ ಸ್ವಲ್ಪ ನೀರು. ಅವತ್ತು ಇನ್ನೂ ಮೇಲಕ್ಕೆ ಹೋಗಬಾರದು. ಒಂದೆರಡು ದಿನದಲ್ಲಿ ಕಮ್ಮಿಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಸೊರೋಚೆ ಮಾತ್ರೆಗಳಲ್ಲಿ ಆಸ್ಪಿರಿನ್, ಕೆಫೀನ್ ಇರುತ್ತದೆ. ನೋವು ತಗ್ಗುತ್ತದೆ, ಹೊಂದಾಣಿಕೆ ಬೇಗ ಆಗುವುದಿಲ್ಲ. ರಕ್ತ ತೆಳುಮಾಡುವ ಮಾತ್ರೆ ತಗೊಳ್ಳುವವರು, ಆಸ್ಪಿರಿನ್ ಅಲರ್ಜಿ ಇರುವವರು ದೂರವಿರಿ. ಮಕ್ಕಳಿಗೂ ಕೊಡಬೇಡಿ.

ಮಿದುಳಿಗೆ ಏರಿದ ಲಕ್ಷಣ. ಮಾತು ತೊದಲುವುದು, ರೂಮ್ ನಂಬರ್ ಮರೆಯುವುದು, ಸುಮ್ಮಸುಮ್ಮನೆ ಸಿಡುಕುವುದು, ಎಬ್ಬಿಸಿದರೂ ಮಂಪರು. ಒಂದು ಪರೀಕ್ಷೆ ಮಾಡಿ. ನೆಲದ ಟೈಲ್ಸ್ ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಯಲು ಹೇಳಿ. ಓಲಾಡಿದರೆ, ಗೆರೆ ಬಿಟ್ಟರೆ, ಇದು ತುರ್ತು.

ಶ್ವಾಸಕೋಶಕ್ಕೆ ನೀರು ತುಂಬಿದ ಲಕ್ಷಣ. ಸುಮ್ಮನೆ ಕೂತಿದ್ದರೂ ಏದುಸಿರು. ಬಿಡದ ಕೆಮ್ಮು. ತುಟಿ, ಉಗುರು ನೀಲಿ. ಕಫದಲ್ಲಿ ನಸುಗೆಂಪು ನೊರೆ. ಇದು ಹೆಚ್ಚಾಗಿ ಎರಡನೇ ರಾತ್ರಿ ಅಥವಾ ಆಮೇಲೆ ಬರುತ್ತದೆ. "ಮೊದಲ ರಾತ್ರಿ ಚೆನ್ನಾಗಿದ್ದೆ, ಇದು ಶೀತ ಇರಬೇಕು" ಅಂತ ಸುಮ್ಮನಾಗುವುದು ಇದೇ ಕಾರಣಕ್ಕೆ. ತಲೆನೋವು ಇಲ್ಲದೆಯೂ ಬರಬಹುದು.

ಕೊನೆಯ ಎರಡರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಹೋಟೆಲ್ ರಿಸೆಪ್ಷನ್‌ಗೆ "ಒಕ್ಸಿಹೆನೊ, ಉನ್ ಮೇದಿಕೊ, ಪೊರ್ ಫವೊರ್" ಅನ್ನಿ. ಆಕ್ಸಿಜನ್ ಮತ್ತು ಡಾಕ್ಟರ್ ಅಂತ ಅರ್ಥ. ಕುಸ್ಕೊದ ಎಷ್ಟೋ ಹೋಟೆಲ್‌ಗಳಲ್ಲಿ ದೊಡ್ಡ ಸಿಲಿಂಡರ್ ಇರುತ್ತದೆ. ಬುಕ್ ಮಾಡುವಾಗಲೇ ಇದೆಯೇ ಅಂತ ಕೇಳಿಟ್ಟುಕೊಳ್ಳಿ. ಆಂಬ್ಯುಲೆನ್ಸ್‌ಗೆ 106, ಪೊಲೀಸ್‌ಗೆ 105.

ಇದಕ್ಕೆ ನಿಜವಾದ ಮದ್ದು ಕೆಳಗೆ ಇಳಿಯುವುದು. ಆದರೆ ಕುಸ್ಕೊದಲ್ಲಿ ಒಂದು ತೊಡಕಿದೆ, ಇದನ್ನು ಯಾರೂ ಹೇಳುವುದಿಲ್ಲ. ಕಣಿವೆಗೆ ಇಳಿಯುವ ರಸ್ತೆ ಮೊದಲು ಮೇಲಕ್ಕೆ ಹತ್ತುತ್ತದೆ, 3,700 ಮೀಟರ್ ದಾಟಿ ಆಮೇಲೆ ಇಳಿಯುತ್ತದೆ. ಹಾಗಾಗಿ ಉಸಿರಾಡಲು ಕಷ್ಟಪಡುತ್ತಿರುವವರನ್ನು ಬರಿಗೈಲಿ ಟ್ಯಾಕ್ಸಿಗೆ ಹಾಕಿ ಹೊರಡಬೇಡಿ. ಮೊದಲು ಆಕ್ಸಿಜನ್, ಡಾಕ್ಟರ್. ಆಮೇಲೆ ಅವರು ಹೇಳಿದಂತೆ ಆಕ್ಸಿಜನ್ ಜೊತೆಗೆ ಕಣಿವೆಗೋ, ವಿಮಾನದಲ್ಲಿ ಲಿಮಾಗೋ.

ಆಕ್ಸಿಮೀಟರ್ ಬಗ್ಗೆ ಒಂದು ಎಚ್ಚರಿಕೆ. ಊರಲ್ಲಿ 97 ತೋರಿಸುತ್ತಿದ್ದದ್ದು ಕುಸ್ಕೊದಲ್ಲಿ 90ರ ಆಸುಪಾಸಿಗೆ, ಕೆಲವರಿಗೆ ಇನ್ನೂ ಸ್ವಲ್ಪ ಕೆಳಗೆ ಇಳಿಯುವುದು ಸಾಮಾನ್ಯ. ಕೋವಿಡ್ ಕಾಲದ ನೆನಪಿನಲ್ಲಿ ಗಾಬರಿಯಾಗಬೇಡಿ. ಬೆರಳು ತಣ್ಣಗಿದ್ದರೆ, ನೇಲ್ ಪಾಲಿಶ್ ಇದ್ದರೆ ತಪ್ಪು ತೋರಿಸುತ್ತದೆ. ಬೆರಳು ಉಜ್ಜಿ ಬಿಸಿ ಮಾಡಿ, ಒಂದು ನಿಮಿಷ ಕಾದು ನೋಡಿ. ಜೊತೆಯವರಿಗೆಲ್ಲಾ 88 ಇದ್ದು ಒಬ್ಬರಿಗೆ ಮಾತ್ರ 76 ಇದ್ದರೆ ಆಗ ಯೋಚಿಸಬೇಕು. ನಂಬರ್ ಚೆನ್ನಾಗಿದ್ದು ಮನುಷ್ಯ ಓಲಾಡುತ್ತಿದ್ದರೆ ಮನುಷ್ಯನನ್ನು ನಂಬಿ.

ಪುಟ್ಟ ಮಕ್ಕಳಿಗೆ ತಲೆನೋವು ಅಂತ ಹೇಳಲು ಬರುವುದಿಲ್ಲ. ಊಟ ಬೇಡ ಅನ್ನುವುದು, ಆಟ ಬಿಡುವುದು, ರಚ್ಚೆ ಹಿಡಿಯುವುದು ಕಂಡರೆ ಅದನ್ನೇ ಲಕ್ಷಣ ಅಂತ ತಿಳಿಯಿರಿ.

## ಹಂತ 9: ಕುಸ್ಕೊ ಊರು ಸುತ್ತುವುದು

ಹೋಟೆಲ್ ಪ್ಲಾಸಾ ದೆ ಆರ್ಮಾಸ್ ಚೌಕದ ಹತ್ತಿರ ಅಥವಾ ಎಲ್ ಸೋಲ್ ರಸ್ತೆಯ ಕಡೆ ಇರಲಿ. ಸಾನ್ ಬ್ಲಾಸ್ ಫೋಟೊದಲ್ಲಿ ಬಹಳ ಚಂದ. ಆದರೆ ಅಲ್ಲಿಗೆ ಕಡಿದಾದ ಕಲ್ಲಿನ ಓಣಿ, ಮೆಟ್ಟಿಲು. ದಿನಕ್ಕೆ ಮೂರು ಸಲ ಹತ್ತಿಳಿಯುವುದು ನಿಮ್ಮ ಅಮ್ಮನ ಮಂಡಿಗೆ ಬೇಕಾ, ನೋಡಿಕೊಳ್ಳಿ.

ಊರ ಮೇಲಿನ ನಾಲ್ಕು ಇಂಕಾ ಜಾಗಗಳನ್ನು ಕೆಳಗಿನಿಂದ ಹತ್ತಿ ನೋಡುವ ಅಗತ್ಯ ಇಲ್ಲ. ಟ್ಯಾಕ್ಸಿಯಲ್ಲಿ ಎಲ್ಲಕ್ಕಿಂತ ಮೇಲಿರುವ ತಾಂಬೊಮಾಚಾಯ್‌ಗೆ ಹೋಗಿ. ಅಲ್ಲಿಂದ ಪುಕಾ ಪುಕಾರ, ಕೆಂಕೊ, ಕೊನೆಗೆ ಸಾಕ್ಸಾಯ್‌ವಮಾನ್ ನೋಡುತ್ತಾ ಇಳಿದು ಬನ್ನಿ. ನಡೆಯಲಾಗದವರು ಅದೇ ಟ್ಯಾಕ್ಸಿಯನ್ನು ಕಾಯಿಸಿಕೊಳ್ಳಿ.

ಇವೆಲ್ಲಕ್ಕೂ ಬೊಲೆತೊ ತುರಿಸ್ತಿಕೊ ಅನ್ನುವ ಒಂದೇ ಟಿಕೆಟ್. ಪೂರ್ತಿ ಟಿಕೆಟ್ 10 ದಿನ ನಡೆಯುತ್ತದೆ, ಕಣಿವೆಯ ಪಿಸಾಕ್, ಒಯಾಂತಾಯ್ತಾಂಬೊ, ಚಿಂಚೇರೊ, ಮೊರಾಯ್ ಕೂಡ ಅದರಲ್ಲೇ. ನೀವು ಕಣಿವೆಗೆ ಮೊದಲು ಹೋಗುವುದರಿಂದ ಅಲ್ಲೇ ತಗೊಂಡು ಜೋಪಾನವಾಗಿಡಿ, ಕುಸ್ಕೊಗೂ ಆಗುತ್ತದೆ. ಕೊರಿಕಾಂಚ ಅನ್ನುವ ಇಂಕಾ ದೇವಾಲಯ, ದೊಡ್ಡ ಚರ್ಚು, ಮಾರಾಸ್ ಉಪ್ಪಿನ ಮಡಿಗಳಿಗೆ ಬೇರೆ ಟಿಕೆಟ್.

## ಹಂತ 10: ಇನ್ನೂ ಮೇಲೆ ಹೋಗುವವರಿಗೆ

ರೇನ್‌ಬೋ ಮೌಂಟನ್‌ಗೆ ಕನಿಷ್ಠ ನಾಲ್ಕೈದು ರಾತ್ರಿ ಎತ್ತರದಲ್ಲಿ ಮಲಗಿದ ಮೇಲೆ ಹೋಗಿ. ಹಿಂದಿನ ದಿನ ತಲೆನೋವಿದ್ದರೆ ಟೂರ್ ಬಿಟ್ಟುಬಿಡಿ, ದುಡ್ಡಿನ ಮುಖ ನೋಡಬೇಡಿ. ಅಲ್ಲಿ ಬಾಡಿಗೆಗೆ ಕುದುರೆ ಸಿಗುತ್ತದೆ. ಕುದುರೆ ಕಾಲಿನ ಶ್ರಮ ತಪ್ಪಿಸುತ್ತದೆ, ಗಾಳಿ ಅದೇ ತೆಳು ಗಾಳಿ.

ಪುನೊಗೆ ಬಸ್ಸಿನಲ್ಲಿ ಹೋದರೆ ದಾರಿಯಲ್ಲಿ ಲಾ ರಾಯಾ ಕಣಿವೆದಾರಿ 4,300 ಮೀಟರ್ ದಾಟುತ್ತದೆ. ಫೋಟೊಗೆ ಅಂತ ಬಸ್ ನಿಲ್ಲಿಸುತ್ತಾರೆ. ಇಳಿಯಿರಿ, ಓಡಬೇಡಿ.

ಬೊಲಿವಿಯದ ಲಾ ಪಾಸ್‌ಗೆ ನೇರ ವಿಮಾನದಲ್ಲಿ ಹೋಗುವ ಆಲೋಚನೆ ಇದ್ದರೆ ಎಲ್ ಆಲ್ತೊ ವಿಮಾನ ನಿಲ್ದಾಣವೇ 4,061 ಮೀಟರ್ ಎತ್ತರದಲ್ಲಿದೆ ಅನ್ನುವುದು ಗೊತ್ತಿರಲಿ. ಊರು ಅದರ ಕೆಳಗಿನ ಹಳ್ಳದಲ್ಲಿದೆ, 3,600 ಚಿಲ್ಲರೆ. ಸೀದಾ ಟ್ಯಾಕ್ಸಿ ಹಿಡಿದು ಕೆಳಗಿಳಿಯಿರಿ, ಆದಷ್ಟು ಸೋನಾ ಸೂರ್ ಕಡೆ ರೂಮ್ ಮಾಡಿ, ಅದು ಇನ್ನೂ ತಗ್ಗು. ಕೇಬಲ್ ಕಾರಿನಲ್ಲಿ ಎಲ್ ಆಲ್ತೊಗೆ ಹೋಗಿಬರುವ ಆಸೆ ಎಲ್ಲರಿಗೂ ಇರುತ್ತದೆ. ಕೂತಲ್ಲೇ ಕೂತು 400 ಮೀಟರ್ ಏರಿಬಿಡುತ್ತೀರಿ, ಹಾಗಾಗಿ ಮೊದಲ ದಿನ ಬೇಡ.

## ಹಂತ 11: ವಾಪಸ್ ಬರುವಾಗ

ಬ್ಯಾಗ್ ಕಟ್ಟುವಾಗ ಕೋಕಾ ಎಲೆ, ಕೋಕಾ ಟೀ ಬ್ಯಾಗ್, ಕೋಕಾ ಮಿಠಾಯಿ ಎಲ್ಲವನ್ನೂ ತೆಗೆದುಹಾಕಿ. ಜಾಕೆಟ್ ಜೇಬು, ಕ್ಯಾಮೆರಾ ಬ್ಯಾಗಿನ ಸಣ್ಣ ಖಾನೆ ಕೂಡ ನೋಡಿ, ಹೋಟೆಲ್‌ನಲ್ಲಿ ಎತ್ತಿಟ್ಟುಕೊಂಡ ಒಂದೆರಡು ಪ್ಯಾಕೆಟ್ ಅಲ್ಲೇ ಉಳಿದಿರುತ್ತದೆ. ಭಾರತದಲ್ಲಿ ಕೋಕಾ ಎಲೆ 1985ರ ಮಾದಕ ವಸ್ತು ಕಾನೂನಿನ ಅಡಿ ಬರುತ್ತದೆ. ಅಮೆರಿಕದ ಮೂಲಕ ಬಂದರೆ ಅಲ್ಲೂ ನಿಷೇಧ. ಆಫೀಸಿನವರಿಗೆ ಏನಾದರೂ ಕೊಡಲೇಬೇಕಿದ್ದರೆ ಚಾಕೊಲೇಟ್ ತಗೊಳ್ಳಿ, ಪೆರುವಿನಲ್ಲೇ ಬೆಳೆಯುವ ಕೋಕೋದಲ್ಲಿ ಮಾಡಿದ್ದು ಅಲ್ಲಿ ಎಲ್ಲಾ ಕಡೆ ಸಿಗುತ್ತದೆ.

ಹಳದಿ ಜ್ವರದ ಸರ್ಟಿಫಿಕೇಟನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕಬೇಡಿ. ಆರೋಗ್ಯ ಕೌಂಟರ್ ಬರುವುದು ಲಗೇಜ್ ಬೆಲ್ಟ್‌ಗಿಂತ ಮುಂಚೆ. ಪಾಸ್‌ಪೋರ್ಟಿನ ಒಳಗೇ ಮಡಚಿ ಇಟ್ಟುಕೊಳ್ಳಿ.